ಹುಣಸೂರು ಅಂದವಳು ನಾನೇ

ನಮ್ಮ ಬಿಳಿಯ ದೊರೆ ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದಾನೆ ಎಂಬ ಸುದ್ದಿ ನನಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಆಳುಗಳ ಸಾಲುಮನೆಯಾದ ಲೈನಿನ ಹೆಂಗಸರಿಗೆ ಗೊತ್ತಿತ್ತು, ಬಂಗಲೆಯ ಅಡುಗೆಯವನಿಗೆ ಗೊತ್ತಿತ್ತು, ಪಕ್ಕದ ಕ್ವಾರ್ಟರ್ಸಿನ ಕಾಂಪೌಂಡರ್ ಹೆಂಡತಿ ಆಗಲೇ ಅದನ್ನು ಹತ್ತು ಕಡೆ ಹೇಳಿ ಮುಗಿಸಿದ್ದಳು. ರೈಟರ್ ಹೆಂಡತಿಯಾದ ನನಗೆ ಮಾತ್ರ ಗೊತ್ತಿರಲಿಲ್ಲ. ತೋಟದಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಬರೆದು, ಹಣ್ಣು ಕೊಯ್ಯುವ ಪಿಕಿಂಗ್ ನೋಡಿಕೊಂಡು, ಕಾಫಿ ಒಣಗಿಸಿ ಮೂಟೆ ಕಟ್ಟಿಸುವವರು; ದೊರೆಗೂ ಆಳುಗಳಿಗೂ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವವರು. ನನ್ನ ಗಂಡ ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡಿದ್ದರು. ಮನೆಗೆ ಬಂದು ಬಾಯಿಬಿಡುವ ಅಭ್ಯಾಸ ಅವರಿಗೆ ಇರಲಿಲ್ಲ.

ಕೊಡಗು ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು. ತೋಟ ಇದ್ದದ್ದು ಪಾಲಿಬೆಟ್ಟದ ಹತ್ತಿರ. ನಮ್ಮ ಮನೆ ಲೈನಿಗೂ ಬಂಗಲೆಗೂ ಸರಿಯಾಗಿ ಮಧ್ಯದಲ್ಲಿತ್ತು, ನನ್ನ ಸ್ಥಿತಿಯೂ ಅಲ್ಲೇ ಇತ್ತು. ಲೈನಿನ ಹೆಂಗಸರ ಜೊತೆ ಕೂತು ಎಲೆ ಅಡಿಕೆ ಹಾಕಿಕೊಂಡರೆ ರೈಟರ ಮರ್ಯಾದೆ ಹೋಗುತ್ತಿತ್ತು. ಬಂಗಲೆಯ ಕಡೆ ಕರೆಯದೆ ಹೋಗುವಂತಿರಲಿಲ್ಲ, ಕರೆಯುವವರೂ ಇರಲಿಲ್ಲ. ಕಿಟಕಿ ತೆರೆದರೆ ಕಾಫಿ ಒಣಗಿಸುವ ಕಣ, ಕಣದಾಚೆ ಸಿಲ್ವರ್ ಮರಗಳ ಸಾಲು, ಅದರಾಚೆ ಮತ್ತೆ ಕಾಫಿ. ಮದುವೆಯಾಗಿ ಆರು ವರ್ಷದಲ್ಲಿ ನಾನು ಒಂಟಿಯಾಗಿ ಗೇಟು ದಾಟಿದ್ದು ನೆನಪಿಲ್ಲ. ಅಮ್ಮತ್ತಿ ಸಂತೆಗೆ ಹೋದರೂ ಜೊತೆಗೆ ಅತ್ತೆ, ಕೈಯಲ್ಲಿ ಪುಟ್ಟ ಮಗಳು. ಮಳೆಗಾಲದಲ್ಲಿ ಅದೂ ಇಲ್ಲ. ಆ ಕಿಟಕಿಯ ಕಂಬಿಗಳು ಎಷ್ಟು ಎಂದು ನನಗೆ ಇವತ್ತಿಗೂ ಬಾಯಿಪಾಠ: ಏಳು.

ತೋಟ ಕೊಂಡವನು ತನ್ನದೇ ರೈಟರನ್ನು ತರುವವನಿದ್ದ. ಪಿಕಿಂಗ್ ಶುರುವಾಗುವ ಮೊದಲು ನಾವು ಮನೆ ಬಿಡಬೇಕಿತ್ತು. ದೊರೆ ಒಳ್ಳೆಯವನೋ ಕೆಟ್ಟವನೋ ನಾನು ಹೇಳಲಾರೆ, ಆದರೆ ಹೋಗುವ ಮುಂಚೆ ಎರಡು ಕಡೆ ಕಾಗದ ಬರೆದು ನನ್ನ ಗಂಡನಿಗೆ ಕೆಲಸ ಕೊಡಿಸಿದ. ಎರಡೂ ಕಾಫಿ ಕ್ಯೂರಿಂಗ್ ಕಾರ್ಖಾನೆಗಳೇ. ಕೊಡಗಿನ ಮೂಟೆಗಳು ಹೋಗಿ ಸಿಪ್ಪೆ ಬಿಡಿಸಿಕೊಂಡು, ಆರಿಸಿಕೊಂಡು, ಹಡಗು ಹತ್ತಲು ತಯಾರಾಗುವ ಜಾಗ. ಒಂದು ಹುಣಸೂರಿನಲ್ಲಿ, ಇನ್ನೊಂದು ಮಂಗಳೂರಿನಲ್ಲಿ. ಒಂದು ಬಯಲುಸೀಮೆ, ಒಂದು ಸಮುದ್ರದ ದಂಡೆ. ಸಂಬಳದಲ್ಲಿ ಹೆಚ್ಚು ಕಡಿಮೆ ಏನೂ ಇರಲಿಲ್ಲ. ಯಾವುದಾದರೂ ಒಂದನ್ನು ಶ್ರಾವಣ ಮುಗಿಯುವುದರೊಳಗೆ ಒಪ್ಪಿ ಬರೆಯಬೇಕಿತ್ತು.

ಮಂಗಳೂರಿನ ಹೆಸರು ಕೇಳಿದ ದಿನವೇ ನಾನು ಟ್ರಂಕಿನ ಬೀಗ ತೆಗೆದೆ. ಕಾರಣ, ಅದರೊಳಗೆ ಒಂದು ಇನ್‌ಲೆಂಡ್ ಕಾಗದವಿತ್ತು. ಸಂಪಾಜೆಯಲ್ಲಿ ನನ್ನ ಜೊತೆ ಓದಿದವಳೊಬ್ಬಳು ಮಂಗಳೂರಿನ ಟೀಚರ್ ಟ್ರೈನಿಂಗ್ ಶಾಲೆ ಸೇರಿದ್ದಳು. ಎಂಟನೇ ತರಗತಿ ಪಾಸಾದ ಹೆಂಗಸರನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆ, ಮದುವೆಯಾದವರೂ ಮಕ್ಕಳಿರುವವರೂ ಇದ್ದಾರೆ, ಊರಿನಲ್ಲೇ ಮನೆಯಿದ್ದರೆ ದಿನಾ ಹೋಗಿ ಬರಬಹುದು, ಆದರೆ ಸೇರುವ ಜೂನ್ ತಿಂಗಳಿಗೆ ಇಪ್ಪತ್ತೈದು ತುಂಬಿರಬಾರದು ಎಂದು ಅವಳು ಬರೆದಿದ್ದಳು. ನನಗೆ ಬರುವ ಭಾದ್ರಪದಕ್ಕೆ ಇಪ್ಪತ್ನಾಲ್ಕು ತುಂಬುತ್ತಿತ್ತು. ಮುಂದಿನ ಜೂನ್ ಒಂದೇ ನನ್ನ ಪಾಲಿಗೆ ಉಳಿದದ್ದು. ಎಂಟನೆಯದರಲ್ಲಿ ನಾನು ಶಾಲೆಗೇ ಮೊದಲು. ಅದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ, ಆ ಮನೆಯಲ್ಲಿ ಕೇಳುವವರು ಇರಲಿಲ್ಲ ಅಷ್ಟೇ.

ಗಂಡನ ಮುಂದೆ ಒಂದು ಸಲ ಟ್ರೈನಿಂಗಿನ ಮಾತು ತೆಗೆದಿದ್ದೆ. ಅಮ್ಮ ಒಪ್ಪಬೇಕಲ್ಲ ಎಂದು ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದರು. ಅಮ್ಮನನ್ನು ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕಾಗದವನ್ನು ಮದುವೆ ಸೀರೆಯ ಕೆಳಗೆ ಇಟ್ಟು ಬೀಗ ಹಾಕಿದೆ.

ಎರಡು ಊರುಗಳ ಕಾಗದ ಬಂದ ಒಂದು ವಾರಕ್ಕೆ ಇವರು ಊಟಕ್ಕೆ ಕೂತು, ತಟ್ಟೆಯನ್ನೇ ನೋಡುತ್ತ ಹೇಳಿದರು.

"ನೋಡು, ನೀನೇ ಹೇಳ್ಬಿಡು. ನೀನು ಹೇಳಿದ ಕಡೆ ಹೋಗೋಣ."

ಆರು ವರ್ಷದಲ್ಲಿ ಸಾರಿಗೆ ಬೇಳೆ ಯಾವುದು ಹಾಕಲಿ ಎಂಬುದನ್ನೂ ನನ್ನ ಇಷ್ಟಕ್ಕೆ ಬಿಟ್ಟವರಲ್ಲ. ನನಗೆ ಸಂತೋಷವಾಗಬೇಕಿತ್ತು, ಮೈಯೆಲ್ಲ ಉರಿಯಿತು. ಅದು ಪ್ರೀತಿಯಿಂದ ಕೇಳಿದ್ದಲ್ಲ ಎಂದು ಅಲ್ಲೇ ಗೊತ್ತಾಯಿತು. ತಾವು ಹುಣಸೂರು ಅಂದರೆ ಹೆಂಡತಿಯ ಮುಖ ನೋಡಬೇಕು, ಮಂಗಳೂರು ಅಂದರೆ ತಾಯಿಯ ಮುಖ ನೋಡಬೇಕು. ಹಾಗಾಗಿ ಮೂಟೆಯನ್ನು ನನ್ನ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಂಡರು.

ಏಕೆಂದರೆ ಎರಡು ಊರಿಗೂ ಒಂದೊಂದು ಕಡೆಯವರು ಇದ್ದರು. ನನ್ನ ತವರು ಸಂಪಾಜೆಯ ಹತ್ತಿರ, ಮಂಗಳೂರಿಗೆ ಇಳಿಯುವ ರಸ್ತೆಯ ಮೇಲೇ. ನಾವು ಅರೆಭಾಷೆಯವರು. ಇವರ ಕಡೆಯವರು ಹಾಸನದಿಂದ ಬಂದು ಕುಶಾಲನಗರದ ಸುತ್ತ ನೆಲೆಯಾದವರು. ಅಲ್ಲಿಂದ ಹುಣಸೂರಿಗೆ ಒಂದೇ ಬಸ್ಸು. ಅತ್ತೆಯ ಮೂವರು ಅಣ್ಣಂದಿರೂ ಕುಶಾಲನಗರದ ಕಡೆಯೇ ಇದ್ದರು. ನಮ್ಮಿಬ್ಬರ ಮಾತಿನ ಧಾಟಿಯೇ ಬೇರೆ. ನಾನು ಬಂದ ಹೊಸದರಲ್ಲಿ, ಇದೆ ಎನ್ನುವುದಕ್ಕೆ ನಮ್ಮ ಮಾತಿನಂತೆ "ಉಟ್ಟು" ಅಂದರೆ ಅತ್ತೆ ಸೀರೆ ಉಡುವ ಮಾತು ಎಂದುಕೊಂಡು ಒದ್ದಾಡುತ್ತಿದ್ದರು. ಈಗ ನಾನು ಮಂಗಳೂರು ಅಂದರೆ ಸೊಸೆ ಮಗನನ್ನು ತವರಿನ ಕಡೆ ಎಳೆದುಕೊಂಡು ಹೋದಳು ಎನ್ನುತ್ತಾರೆ. ಟ್ರೈನಿಂಗಿಗಾಗಿ ಅಂದರೆ ಇನ್ನೂ ಕೆಟ್ಟದ್ದು. ಬಾಗಿಲು ತೆರೆದು, ಹೊಸ್ತಿಲ ಮೇಲೆ ಮುಳ್ಳು ಹರಡಿ, ಹೋಗು ನಿನ್ನಿಷ್ಟ ಎಂದಂತಾಯಿತು.

ಊರು ನೋಡದೆ ಹೇಳುವುದು ಹೇಗೆ ಎಂದು ನಾನು ಹಠ ಹಿಡಿದೆ. ಅತ್ತೆ, ಮಗಳು ಸಮೇತ ನೋಡಲು ಹೊರಟದ್ದು ಆಷಾಢದಲ್ಲಿ. ಕಾಫಿ ತೋಟದವರು ಮಾಡುವ ತಪ್ಪೇ ಅದು, ಯಾವ ಊರನ್ನಾದರೂ ಮಳೆಗಾಲದಲ್ಲೇ ನೋಡುವುದು. ಕಾರ್ತಿಕದಿಂದ ಪಿಕಿಂಗ್, ಆಮೇಲೆ ಒಣಗಿಸುವುದು, ಮೂಟೆ ಸಾಗಿಸುವುದು, ಹೂಮಳೆಗೆ ಕಾಯುವುದು, ಗಿಡದ ರೆಂಬೆ ಸವರಿ ಕಸಿ ಮಾಡುವುದು. ರೈಟರಿಗೆ ನಾಲ್ಕು ದಿನ ರಜ ಸಿಕ್ಕುವುದು ಜಡಿಮಳೆ ಹಿಡಿದ ಮೇಲೆ ಮಾತ್ರ. ಮದುವೆಗೆ ಹುಡುಗಿ ನೋಡಲೂ ಮಳೆಯಲ್ಲೇ ಹೋಗುತ್ತಾರೆ. ನನ್ನನ್ನೂ ಇವರು ನೋಡಿದ್ದು ಒದ್ದೆ ಛತ್ರಿ ಹಿಡಿದುಕೊಂಡೇ.

ಮೊದಲು ಹುಣಸೂರು. ತಿತಿಮತಿ ಕಾಡು ದಾಟುವವರೆಗೆ ಬಸ್ಸಿನ ಒಳಗೂ ಮಳೆ. ದಾಟಿದ್ದೇ ತಡ ಆಕಾಶ ಬೆಳ್ಳಗಾಯಿತು. ಊರಿನಲ್ಲಿ ತುಂತುರು, ತಣ್ಣನೆ ಗಾಳಿ, ಹೊಲಗಳಲ್ಲಿ ಹೊಗೆಸೊಪ್ಪಿನ ಅಗಲ ಎಲೆ. ನಮ್ಮ ಕಡೆಯಿಂದಲೇ ಹರಿದು ಬರುವ ಲಕ್ಷ್ಮಣತೀರ್ಥ ಎರಡು ದಡ ತುಂಬಿ ಹೋಗುತ್ತಿತ್ತು. ತೋರಿಸಿದ ಬಾಡಿಗೆ ಮನೆಯ ಬಾವಿಯಲ್ಲಿ ಕೈಯಿಂದ ಮೊಗೆಯುವಷ್ಟು ಮೇಲೆ ನೀರು. ಬೆಂಕಿಕಡ್ಡಿ ಒಂದೇ ಗೀರಿಗೆ ಹತ್ತಿತು. ಮಗಳ ಒದ್ದೆ ಲಂಗ ಒಂದು ಹೊತ್ತಿನಲ್ಲಿ ಒಣಗಿತು. ನಾಲ್ಕು ತಿಂಗಳು ಬಟ್ಟೆಯನ್ನು ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸುವವರಿಗೆ ಅದೇ ಸ್ವರ್ಗ. ಇವರ ಮುಖ ಅರಳಿತು. ಅತ್ತೆ ಬಾವಿಯ ಕಡೆ ಒಮ್ಮೆ ಬಗ್ಗಿ ನೋಡಿ ಸುಮ್ಮನೆ ಬಂದು ಕೂತರು.

ಮುಂದಿನ ವಾರ ಮಂಗಳೂರು. ಹಿಂದೆ ಅದು ಮದರಾಸಿಗೆ ಸೇರಿದ್ದ ಊರು. ನಮ್ಮ ಅಪ್ಪ ಕೊನೆಯವರೆಗೂ ಮಂಗಳೂರಿಗೆ ಹೋಗುವುದನ್ನು ಬೇರೆ ರಾಜ್ಯಕ್ಕೆ ಹೋದಂತೆಯೇ ಹೇಳುತ್ತಿದ್ದರು. ದಾರಿಯಲ್ಲಿ ತವರಿನಲ್ಲಿ ಇಳಿದು ಊಟ ಮಾಡಿದೆವು. ಕೈತೊಳೆಯುವ ನೆಪದಲ್ಲಿ ಅವ್ವನನ್ನು ಹಿತ್ತಿಲಿಗೆ ಕರೆದು ಎಲ್ಲ ಹೇಳಿದೆ, ಏನು ಮಾಡಲಿ ಎಂದೆ. ಮಂಗಳೂರು ಅನ್ನು ಎಂದು ಅವಳ ಬಾಯಿಂದ ಬರಲಿ ಎಂದು ನನ್ನ ಆಸೆ.

"ನನ್ನ ಕೇಳ್ಬೇಡ ಮಗ. ನಿನ್ನ ಅತ್ತೆನ ಕೇಳ್. ಅವರ ಮನ್ಸ್‌ಲಿ ಎಂತ ಉಟ್ಟು, ಯಾರಿಗೆ ಗೊತ್ತು."

ನನಗೆ ಸಿಟ್ಟು ಬಂತು. ತಾಯಿಯೂ ಜಾರಿಕೊಂಡಳಲ್ಲ ಎಂದು ಅವಳಿಗೆ ಸರಿಯಾಗಿ ಹೇಳಿಯೂ ಬರಲಿಲ್ಲ.

ಮಂಗಳೂರಿನಲ್ಲಿ ಮಳೆ ನಮ್ಮದಕ್ಕಿಂತ ಕಮ್ಮಿ ಏನಿರಲಿಲ್ಲ. ಆದರೆ ಜನ ಅದಕ್ಕೆ ಹೆದರಿ ಒಳಗೆ ಕೂತಿರಲಿಲ್ಲ. ಹೆಂಗಸರು ಗುಂಪುಗುಂಪಾಗಿ ಕಾರ್ಖಾನೆಯ ಗೇಟಿನಿಂದ ಹೊರಬರುತ್ತಿದ್ದರು, ಒಬ್ಬೊಬ್ಬರೇ ಬೀದಿ ದಾಟುತ್ತಿದ್ದರು, ಜೋರಾಗಿ ನಗುತ್ತಿದ್ದರು. ಗೆಳತಿ ಬರೆದಿದ್ದ ಶಾಲೆ ಅಲ್ಲಿಂದ ಕಾಲು ಗಂಟೆಯ ನಡಿಗೆ ಎಂದು ಅಂಗಡಿಯವನನ್ನು ಮೆಲ್ಲಗೆ ಕೇಳಿ ತಿಳಿದುಕೊಂಡೆ. ಅಷ್ಟು ಹತ್ತಿರ ಇದೆಯೆಂದು ನಾನು ನೆನೆಸಿರಲಿಲ್ಲ.

ಊರು ಕೆಟ್ಟದ್ದು ಎಂದು ಇವರಿಗೆ ಅನ್ನಿಸಿದ್ದು ಕಾರ್ಖಾನೆಯ ಒಳಗೆ. ಅಲ್ಲೊಂದು ಉದ್ದನೆಯ ಗೋದಾಮು, ಪಕ್ಕಕ್ಕೆ ಗೋಡೆಯೇ ಇಲ್ಲ. ನೆಲದ ತುಂಬ ಗೇಣೆತ್ತರ ಕಾಫಿ ಹರಡಿ, ಸಮುದ್ರದ ಕಡೆಯಿಂದ ಬರುವ ಒದ್ದೆ ಗಾಳಿ ಅದರ ಮೇಲೆ ಹಾಯಲಿ ಎಂದು ಬಿಟ್ಟಿದ್ದರು. ಕಾಳು ಉಬ್ಬಿ, ಹಸಿರು ಹೋಗಿ, ಹಣ್ಣೆಲೆಯ ಬಣ್ಣಕ್ಕೆ ತಿರುಗಿತ್ತು. ತೋಟದವರಿಗೆ ತೇವ ಅಂದರೆ ಪಾಪ. ಮೋಡ ಕಂಡರೆ ಕಣದ ಕಾಫಿ ಒಟ್ಟಲು ಇವರು ಊಟದಿಂದ ಎದ್ದು ಓಡುತ್ತಿದ್ದರು. ಹಲ್ಲಿನ ನಡುವೆ ಕಾಳು ಇಟ್ಟು ಕಡಿದು, ಕಟ್ ಎಂದು ಸದ್ದು ಬಂದರೆ ಮಾತ್ರ ಮೂಟೆಗೆ ಬಿಡುತ್ತಿದ್ದರು. ಅಭ್ಯಾಸಬಲದಿಂದ ಅಲ್ಲೂ ಒಂದು ಕಾಳು ತೆಗೆದು ಕಡಿದರು. ಅದು ಮೆತ್ತಗೆ ಅದುಮಿಕೊಂಡಿತು. ಹೊರಗೆ ಹೋಗಿ ಉಗಿದು ಬಂದರು. ಅಲ್ಲಿನ ಮೇಸ್ತ್ರಿ ನಗುತ್ತ ವಿವರಿಸಿದ: ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುವಾಗ ಕಾಳು ಹೀಗೇ ಆಗುತ್ತಿತ್ತಂತೆ, ಆಚೆ ದೇಶದವರಿಗೆ ಅದೇ ರುಚಿ ಹಿಡಿಯಿತಂತೆ, ಈಗ ಬೇಕೆಂದೇ ಹೀಗೆ ಮಾಡುತ್ತಾರಂತೆ. ಇವರು ತಲೆದೂಗಿದರು, ಒಂದು ಮಾತೂ ನಂಬಲಿಲ್ಲ. ಬೇಕೆಂದೇ ಕಾಫಿ ನೆನೆಸುವ ಊರಿನಲ್ಲಿ ಮನುಷ್ಯ ಬಾಳುವುದು ಹೇಗೆ ಎಂದು ಬಸ್ ಸ್ಟ್ಯಾಂಡಿನವರೆಗೂ ಗೊಣಗಿದರು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ನನ್ನ ಓದಿಗೆ ಅಡ್ಡ ಬರಲು ಒಂದು ಮೆತ್ತನೆಯ ಕಾಫಿ ಕಾಳು ಸಾಕಾಯಿತು.

ಬಸ್ಸಿಗೆ ಹೊತ್ತಿತ್ತು. ಸಮುದ್ರ ನೋಡಬೇಕು ಎಂದವರು ಅತ್ತೆ. ಅವರು ಬೇಕು ಎಂದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ದಂಡೆಯಲ್ಲಿ ನಿಂತು, ಸೆರಗು ಹಾರಿಹೋಗುತ್ತಿದ್ದರೂ ಹಿಡಿಯದೆ, ಮಂಡಿಯವರೆಗೆ ನೆನೆದುಕೊಂಡು ನೋಡಿಯೇ ನೋಡಿದರು. ಕರೆದರೆ ತಿರುಗಲಿಲ್ಲ. ಭಯಬಿದ್ದಿದ್ದಾರೆ ಎಂದುಕೊಂಡೆ. ಹಿಂದಿರುಗುವ ದಾರಿಯಲ್ಲೂ ಮಾತಿಲ್ಲ. ಒಪ್ಪಿಗೆಯಾಗಿಲ್ಲ ಎಂದು ನಾನೇ ತೀರ್ಮಾನ ಮಾಡಿದೆ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಮಂಗಳೂರು ಎಂದು ಹೇಳಿಬಿಡಬೇಕು ಎಂದು ಏಳುತ್ತಿದ್ದೆ. ರೊಟ್ಟಿ ತಟ್ಟುತ್ತ ಮಾತನ್ನು ಜೋಡಿಸುತ್ತಿದ್ದೆ. ಇವರು ಎದುರು ಬಂದು ಕೂತರೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದೆ. ಮಳೆ ಬಿಡದೆ ಹೊಡೆಯುತ್ತಿತ್ತು, ಏಳು ಕಂಬಿಯ ಆಚೆ ಕಣ ಪಾಚಿಗಟ್ಟಿತ್ತು. ಹೀಗೆ ಹನ್ನೆರಡು ದಿನ ಕಳೆಯಿತು. ಹದಿಮೂರನೆಯ ದಿನ ಕಾಂಪೌಂಡರ್ ಹೆಂಡತಿ ಜಗಲಿಯಲ್ಲಿ ಕೂತಿದ್ದಾಗ ಅತ್ತೆ ಅವಳಿಗೆ ಹೇಳುವುದು ಅಡುಗೆಮನೆಗೆ ಕೇಳಿಸಿತು.

"ನನ್ ಸೊಸೆ ಮಂಗ್ಳೂರೇ ಅನ್ನಾದು. ನೋಡ್ತಿರು ನೀನು."

ಆ ಹೆಂಗಸು ಕಿಸಕ್ಕೆಂದು ನಕ್ಕಳು. ನನ್ನ ತಲೆಗೆ ರಕ್ತ ಏರಿತು. ಓಹೋ, ಇಷ್ಟು ಆಗಲೇ ಊರಿಗೆಲ್ಲ ಹೇಳಿ ಆಗಿದೆ, ತವರಿನ ಹುಚ್ಚಿ ಎಂದು. ಅತ್ತೆಗೆ ಸರಿಯಾಗಿ ಮಾಡಬೇಕು ಅನ್ನಿಸಿತು. ಒಳ್ಳೆಯ ಸೊಸೆ ಎಂದರೆ ಏನೆಂದು ಅವರಿಗೆ ತೋರಿಸಿ, ಜನ್ಮ ಇರುವವರೆಗೆ ಬಾಯಿಬಿಡದ ಹಾಗೆ ಮಾಡಬೇಕು ಅನ್ನಿಸಿತು. ಇವರು ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆಗೂ ಕೇಳುವಂತೆ ಗಟ್ಟಿಯಾಗಿ, ಹುಣಸೂರಿಗೆ ಹೋಗೋಣ ಎಂದೆ. ಅತ್ತೆಯ ಕೈ ತುತ್ತು ಹಿಡಿದು ತಟ್ಟೆಯ ಮೇಲೇ ನಿಂತಿತು. ನಾನು ಗೆದ್ದೆ ಎಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಆಗ ಹಾಯೆನಿಸಿತು.

ಇವರು ಕೈತೊಳೆದು ಬಂದವರೇ ಕೂತು ಒಪ್ಪಿಗೆಯ ಕಾಗದ ಬರೆದರು. ಹನ್ನೆರಡು ದಿನ ಒಂದು ಮಾತು ಕೇಳದಿದ್ದವರ ಕೈಗೆ ಆ ಅವಸರ ಎಲ್ಲಿಂದ ಬಂತೋ. ಅದನ್ನು ತೆಗೆದುಕೊಂಡ ಟಪಾಲಿನವನು ಚೀಲವನ್ನು ಮಳೆಗೆ ಹೊದ್ದ ಗೊರಬಿನ ಕೆಳಗೆ ಸೇರಿಸಿಕೊಂಡು ಕಣದ ಅಂಚಿನಲ್ಲೇ ನಡೆದುಹೋದ. ಕಿಟಕಿಯಿಂದ ಅವನನ್ನು ಕೂಗಬಹುದಿತ್ತು. ಅವನ ಕಾಲು ಕುಂಟು, ನಿಧಾನಕ್ಕೆ ಹೋಗುತ್ತಿದ್ದ. ಗೇಟಿನವರೆಗೆ ಅವನನ್ನು ನೋಡಿದೆ. ಅಷ್ಟರಲ್ಲಿ ಹಾಯೆನಿಸಿದ್ದು ಹೋಗಿಬಿಟ್ಟಿತ್ತು. ಆದರೂ ಕೂಗಲಿಲ್ಲ. ಗೆದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಹುಣಸೂರಿನ ಮನೆ ಆಷಾಢದಲ್ಲಿ ಕಂಡ ಮನೆಯೇ, ಬೇಸಿಗೆಗೆ ಬೇರೆ ಮನೆಯಾಯಿತು. ಮಾಘ ಕಳೆಯುವಷ್ಟರಲ್ಲಿ ಬಾವಿ ತಳ ಕಂಡಿತು. ಹೊಳೆ ಮರಳಾಯಿತು. ಕಾರ್ಖಾನೆಯ ಸಿಪ್ಪೆಯ ದೂಳು ಬೀಸಿ ಬಂದು ಅನ್ನದ ಮೇಲೂ ಕೂರುತ್ತಿತ್ತು. ಅಲ್ಲಿ ಗೇಟು ಇರಲಿಲ್ಲ, ಆದರೂ ಬೆಳಿಗ್ಗೆ ನೀರಿನ ಸಾಲಿಗೆ ನಿಂತು ಬಿಂದಿಗೆ ತರುವುದರಲ್ಲಿ ದಿನ ಮುಗಿಯುತ್ತಿತ್ತು. ಇವರು ಮಾತ್ರ ಸುಖವಾಗಿದ್ದರು. ಇಲ್ಲಿ ಕಾಳು ಕಡಿದರೆ ಕಟ್ ಎನ್ನುತ್ತಿತ್ತು.

ಅತ್ತೆಯ ಅಣ್ಣಂದಿರ ಮನೆಯಿಂದ ಹದಿನೈದು ದಿನಕ್ಕೊಬ್ಬರು ಬಸ್ಸಿಳಿದು ಬರುತ್ತಿದ್ದರು. ಮದುವೆ, ಬಾಣಂತನ, ರಾಗಿ ಕೊಯ್ಲು, ತಿಥಿ, ಏನಿದ್ದರೂ ಅತ್ತೆಗೆ ಕರೆ. ಅವರು ಸೀರೆ ಸುತ್ತಿಕೊಂಡು ಹೋಗಿ ವಾರ ಕಳೆದು ಬರುತ್ತಿದ್ದರು. ಬಂದಾಗ ಅಂಗೈ ಬೊಬ್ಬೆ, ಕಣ್ಣು ಹೊಗೆಗೆ ಕೆಂಪು. ನೆಂಟರಿಷ್ಟರ ಸಡಗರ ಎಂದು ನಾನು ಒಳಗೊಳಗೇ ಕುಹಕವಾಡುತ್ತಿದ್ದೆ. ಜೂನ್ ಬಂತು. ಗೆಳತಿ ಮತ್ತೊಂದು ಕಾಗದ ಬರೆದು ಬರುತ್ತೀಯಾ ಎಂದು ಕೇಳಿದ್ದಳು. ಅದಕ್ಕೆ ಉತ್ತರ ಬರೆಯಲಿಲ್ಲ. ಆ ತಿಂಗಳಿಡೀ ಮಗಳನ್ನು ಸುಮ್ಮಸುಮ್ಮನೆ ಬೈದೆ, ಅದು ಈಗಲೂ ನೋಯುತ್ತದೆ.

ಎರಡನೆಯ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಅತ್ತೆ ಅಣ್ಣನ ಮನೆಯ ಮದುವೆಯಿಂದ ಬಂದು ಮೊಣಕಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಧಾರೆ ಚೆನ್ನಾಗಿ ಆಯಿತೇ ಎಂದೆ. ಧಾರೆ ನೋಡಲಿಲ್ಲ, ಹಿತ್ತಿಲ ಒಲೆಯ ಮುಂದೆ ಇದ್ದೆ ಎಂದರು. ಗಂಡ ಸತ್ತವಳನ್ನು ಹಂದರಕ್ಕೆ ಯಾರು ಕರೆಯುತ್ತಾರೆ, ನಾಲ್ಕು ದಿನ ಹಂಡೆ ಇಳಿಸಲು ಬೇಕು ಅಷ್ಟೇ ಎಂದರು. ಪಾಲಿಬೆಟ್ಟದಲ್ಲಿ ಇದ್ದಾಗ ಎರಡು ಬಸ್ಸು ಹತ್ತಿ, ಜಿಗಣೆ ಕಚ್ಚಿಸಿಕೊಂಡು ತೋಟದೊಳಗೆ ನಡೆದು ಬರಲು ಯಾರಿಗೂ ಮನಸ್ಸಿರಲಿಲ್ಲವಂತೆ. ಅಲ್ಲಿದ್ದಷ್ಟು ವರ್ಷ ನೆಮ್ಮದಿಯಾಗಿದ್ದರಂತೆ. ಆಮೇಲೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ನನ್ನ ಕಡೆ ತಿರುಗಿದರು.

"ನೀನು ಮಂಗ್ಳೂರು ಅಂತೀಯ ಅಂತ ಕಾಯ್ಕಂಡಿದ್ದೆ ಕಣವ್ವ. ನಿನ್ ನೆಪದಲ್ಲಿ ನಾನೂ ತಪ್ಪುಸ್ಕಬೌದು ಅಂತ. ನಾನಾಗೆ ಹೆಂಗ್ ಹೇಳ್ಲಿ, ಅಣ್ಣದೀರು ಬೇಡ ಅಂದಂಗಾಗಲ್ವಾ?"

ಎದ್ದು ಹೋಗಿ ಟ್ರಂಕು ತೆಗೆದು ಆ ಎರಡು ಕಾಗದ ತಂದೆ. ಅವರಿಗೆ ಓದು ಬರುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಾನೇ ಓದಿ ಹೇಳಿದೆ, ವಯಸ್ಸಿನ ಮಾತನ್ನೂ ಬಿಡಲಿಲ್ಲ. ಅವರು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದವನ್ನು ಒಮ್ಮೆ ಮುಟ್ಟಿ ನೋಡಿದರು.

"ಮಗೀನ ನಾನು ನೋಡ್ಕತಿದ್ದೆ," ಎಂದರು. "ನಿಂಗೀಗ ಎಷ್ಟು?"

ಇಪ್ಪತ್ತೈದು ತುಂಬಿ ಎಂಟು ತಿಂಗಳಾಯಿತು ಎಂದೆ. ಅಷ್ಟರಲ್ಲಿ ಇವರು ಊಟಕ್ಕೆ ಬಂದರು. ನಾವಿಬ್ಬರೂ ಅಳುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತು, ಯಾರು ಹೋದರು ಎಂದು ಗಾಬರಿಯಿಂದ ಕೇಳಿದರು. ಯಾರೂ ಎಲ್ಲಿಗೂ ಹೋಗಿಲ್ಲ ಎಂದರು ಅತ್ತೆ. ನಾನು ಎದ್ದು ತಟ್ಟೆ ಹಾಕಿದೆ.